ಲೇಸರ್ ಮಾಡಿಸಿದರೆ ಗೊರಕೆ ಶಾಶ್ವತವಾಗಿ ನಿಲ್ಲುತ್ತದೆಯೇ?

ಪ್ರಶ್ನೆ: ನನಗೆ 46 ವರ್ಷ. ಎತ್ತರ 170 ಸೆಂಟಿಮೀಟರ್, ತೂಕ 88 ಕಿಲೋ. ಹತ್ತು ಹನ್ನೆರಡು ವರ್ಷಗಳಿಂದ ಗೊರಕೆಯಿದೆ, ಎರಡು ವರ್ಷಗಳಿಂದೀಚೆಗೆ ವಿಪರೀತವಾಗಿದೆ. ಹೆಂಡತಿ ಈಗ ಮಗಳ ಕೋಣೆಯಲ್ಲಿ ಮಲಗುತ್ತಾಳೆ. ಗೊರಕೆ ನಡುನಡುವೆ ನಿಂತು, ಸ್ವಲ್ಪ ಹೊತ್ತಿನ ಮೇಲೆ ದೊಡ್ಡ ಸದ್ದಿನೊಂದಿಗೆ ಮತ್ತೆ ಶುರುವಾಗುತ್ತದೆ ಎಂದು ಹೇಳುತ್ತಾಳೆ. ಬೆಳಿಗ್ಗೆ ಬಾಯಿ ಒಣಗಿರುತ್ತದೆ. ಮಧ್ಯಾಹ್ನ ತೂಕಡಿಕೆ ಬರುತ್ತದೆ, ವಯಸ್ಸಿನ ಕಾರಣವಿರಬಹುದು. ಕಳೆದ ವರ್ಷದಿಂದ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಬೇರೆ ಕಾಯಿಲೆಯಿಲ್ಲ. ಒಬ್ಬ ವೈದ್ಯರು ಮೂಗಿನ ನಡುಗೋಡೆ ವಾಲಿದೆ, ಅದನ್ನು ನೇರ ಮಾಡಿಸಿದರೆ ಗೊರಕೆ ಹೋಗುತ್ತದೆ ಎಂದರು. ಜಾಹೀರಾತೊಂದರಲ್ಲಿ ಲೇಸರ್‌ನಿಂದ ಅರ್ಧ ಗಂಟೆಯಲ್ಲಿ ಶಾಶ್ವತ ಪರಿಹಾರ ಎಂದಿದೆ. ನನ್ನ ಸಹೋದ್ಯೋಗಿಯೊಬ್ಬರು ಕಿರುನಾಲಿಗೆ ಕತ್ತರಿಸಿಕೊಂಡು ಒಂದು ವರ್ಷ ಆರಾಮವಾಗಿದ್ದರು, ಈಗ ಮತ್ತೆ ಗೊರೆಯುತ್ತಾರಂತೆ. ನಾನು ಶಿಕ್ಷಕ, ಧ್ವನಿ ಹೋದರೆ ಕೆಲಸವೇ ಹೋದಂತೆ. ಮುಖಕ್ಕೆ ಯಂತ್ರ ಕಟ್ಟಿಕೊಂಡು ಮಲಗುವುದು ನನ್ನಿಂದಾಗದ ಮಾತು. ಯಾವ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನೀವು ಹಾಗೆಯೇ ದಾಟಿಹೋದ ಮೂರು ಸಂಗತಿಗಳಿವೆ. ನಡುನಡುವೆ ನಿಲ್ಲುವ ಗೊರಕೆ, ಮಧ್ಯಾಹ್ನದ ತೂಕಡಿಕೆ, ಕಳೆದ ವರ್ಷ ಶುರುವಾದ ರಕ್ತದೊತ್ತಡದ ಮಾತ್ರೆ. ಗೊರಕೆಯ ಸದ್ದಿಗಿಂತ ನನಗೆ ಇವುಗಳದ್ದೇ ಚಿಂತೆ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದ ಕಿವಿ-ಮೂಗು-ಗಂಟಲು ವೈದ್ಯರು ಕತ್ತರಿಗೆ ಕೈ ಹಾಕುವ ಮೊದಲು ಒಂದು ರಾತ್ರಿಯ ನಿದ್ರೆಯ ಪರೀಕ್ಷೆಯನ್ನು ಕೇಳಲೇಬೇಕು. ಕೇಳದೆ ಆಪರೇಷನ್‌ಗೆ ದಿನಾಂಕ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ಹೀಗೇಕೆ ಎನ್ನುವುದಕ್ಕೆ ಗೊರಕೆ ಹುಟ್ಟುವ ಬಗೆಯನ್ನು ತಿಳಿಯಬೇಕು. ಮೂಗಿಗೆ ಎಲುಬು ಮತ್ತು ಮೃದ್ವಸ್ಥಿಯ ಚೌಕಟ್ಟಿದೆ. ಶ್ವಾಸನಾಳಕ್ಕೆ ಮೃದ್ವಸ್ಥಿಯ ಉಂಗುರಗಳಿವೆ. ಇವೆರಡರ ನಡುವಿನ ಗಂಟಲಿಗೆ ಮಾತ್ರ ಅಂಥ ಆಸರೆಯಿಲ್ಲ, ಅದನ್ನು ತೆರೆದಿಡುವುದು ಸ್ನಾಯುಗಳ ಬಿಗಿ. ಎಚ್ಚರವಿರುವಾಗ ಆ ಬಿಗಿ ಸಾಕಷ್ಟಿರುತ್ತದೆ, ನಿದ್ರೆ ಹತ್ತಿದೊಡನೆ ಸಡಿಲವಾಗುತ್ತದೆ. ಅಂಗಾತ ಮಲಗಿದ್ದರೆ ನಾಲಿಗೆಯೂ, ಬಾಯಿಯ ಮೇಲ್ಭಾಗದ ಹಿಂಬದಿಯಲ್ಲಿರುವ ಮೆದು ಅಂಗುಳವೂ ಹಿಂದಕ್ಕೆ ಜಾರುತ್ತವೆ. ದಾರಿ ಕಿರಿದಾದಷ್ಟೂ ಗಾಳಿಯ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಲ್ಲಿ ಒತ್ತಡ ಕುಸಿಯುತ್ತದೆ, ಸಡಿಲ ಗೋಡೆಗಳು ಒಳಕ್ಕೆ ಎಳೆದುಕೊಂಡು ಅದುರತೊಡಗುತ್ತವೆ. ಊದಿದ ಬಲೂನಿನ ಬಾಯಿಯನ್ನು ಎರಡೂ ಕಡೆ ಎಳೆದು ಹಿಡಿದು ಗಾಳಿ ಬಿಟ್ಟಾಗ ಬರುವ ಸದ್ದಿನ ಹಿಂದಿರುವುದೂ ಇದೇ ತತ್ವ. ಅದುರುವುದು ಹೆಚ್ಚಿನವರಲ್ಲಿ ಮೆದು ಅಂಗುಳ ಮತ್ತು ಕಿರುನಾಲಿಗೆ. ಕೆಲವರಲ್ಲಿ ಟಾನ್ಸಿಲ್, ಗಂಟಲಿನ ಪಕ್ಕದ ಗೋಡೆಗಳು, ನಾಲಿಗೆಯ ಬುಡ, ಅದರ ಹಿಂದಿನ ಎಪಿಗ್ಲಾಟಿಸ್ ಎಂಬ ಮುಚ್ಚಳವೂ ಪಾಲುದಾರರು. ಒಬ್ಬರಲ್ಲೇ ಎರಡು ಮೂರು ಕಡೆ ಅದುರುವುದು ಸಾಮಾನ್ಯ.

ಸಡಿಲ ಗೋಡೆಗಳು ಅದುರುವಷ್ಟಕ್ಕೆ ನಿಂತರೆ ಅದು ಬರಿಯ ಗೊರಕೆ. ಪಕ್ಕದಲ್ಲಿ ಮಲಗಿದವರಿಗೆ ಹಿಂಸೆ, ಅಷ್ಟೇ. ಅವು ಒಂದಕ್ಕೊಂದು ಅಂಟಿ ದಾರಿಯೇ ಮುಚ್ಚಿದರೆ ಅದು ಸ್ಲೀಪ್ ಆಪ್ನಿಯಾ. ಎದೆ ಏರಿಳಿಯುತ್ತಿರುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಅರೆ ಎಚ್ಚರಗೊಂಡು ಸ್ನಾಯುಗಳನ್ನು ಬಿಗಿಗೊಳಿಸುತ್ತದೆ, ದಾರಿ ಧಡಕ್ಕನೆ ತೆರೆದುಕೊಳ್ಳುತ್ತದೆ. ನಿಮ್ಮ ಮನೆಯವರು ಕೇಳುತ್ತಿರುವ ಆ ದೊಡ್ಡ ಸದ್ದು ಬಹುಶಃ ಇದೇ. ನಿಮಗೆ ಇದರ ನೆನಪಿರುವುದಿಲ್ಲ, ಆದರೆ ಪ್ರತಿ ಸಲವೂ ಹೃದಯ ಓಡುತ್ತದೆ, ರಕ್ತದೊತ್ತಡ ಏರುತ್ತದೆ. ರಾತ್ರಿಯಿಡೀ ಹೀಗಾದರೆ ಹಗಲಿನ ರಕ್ತದೊತ್ತಡವೂ ಮೇಲೆಯೇ ನಿಲ್ಲುತ್ತದೆ. ಹೃದಯದ ಬಡಿತದ ಲಯ ತಪ್ಪುವುದಕ್ಕೂ ಪಾರ್ಶ್ವವಾಯುವಿಗೂ ಇದರ ನಂಟಿದೆ. ನಿಮಗೆ ಆಪ್ನಿಯಾ ಇದೆಯೆಂದು ಪತ್ರ ಓದಿ ಹೇಳಲಾರೆ. ಇರಬಹುದೆಂಬ ಅನುಮಾನ ಮಾತ್ರ ಬಲವಾಗಿದೆ.

ಗೊರಕೆಯೆಂದರೆ ಗಾಢ ನಿದ್ರೆಯ ಲಕ್ಷಣ ಎಂಬ ಹಳೆಯ ನಂಬಿಕೆ ಇನ್ನೂ ಎಷ್ಟೋ ಮನೆಗಳಲ್ಲಿದೆ. ಆಪ್ನಿಯಾ ಇರುವವರ ನಿದ್ರೆ ಚೂರುಚೂರಾಗಿರುತ್ತದೆ. ಎಂಟು ಗಂಟೆ ಹಾಸಿಗೆಯಲ್ಲಿದ್ದರೂ ಮಿದುಳಿಗೆ ಸಿಕ್ಕ ವಿಶ್ರಾಂತಿ ಅದರ ಅರ್ಧವೂ ಇರಲಿಕ್ಕಿಲ್ಲ. ಮಧ್ಯಾಹ್ನದ ತೂಕಡಿಕೆಯನ್ನು ವಯಸ್ಸಿನ ತಲೆಗೆ ಕಟ್ಟುವ ಮೊದಲು ಇದನ್ನು ಯೋಚಿಸಿ, 46 ಅಂಥ ವಯಸ್ಸೇನಲ್ಲ. ಸದ್ದು ದೊಡ್ಡದಾದಷ್ಟೂ ಅಪಾಯ ದೊಡ್ಡದು ಎಂಬುದನ್ನೂ ಪೂರ್ತಿ ನಂಬಬೇಡಿ. ಗೋಡೆಯಾಚೆಗೂ ಕೇಳಿಸುವ ಗೊರಕೆ ನಿರುಪದ್ರವಿಯಾಗಿರಬಹುದು, ಮೆಲ್ಲಗೆ ಗೊರೆಯುವ ತೆಳ್ಳಗಿನ ವ್ಯಕ್ತಿಯಲ್ಲಿ ತೀವ್ರ ಆಪ್ನಿಯಾ ಇರಬಹುದು. ಕಿವಿಯಿಂದ ಕೇಳಿ ಇವೆರಡನ್ನು ಬೇರ್ಪಡಿಸಲು ನನಗೂ ಆಗುವುದಿಲ್ಲ, ಅದಕ್ಕಾಗಿಯೇ ಪರೀಕ್ಷೆ.

ಸ್ಲೀಪ್ ಸ್ಟಡಿ ಎಂದರೆ ಹೆದರುವಂಥದ್ದೇನಿಲ್ಲ. ತಲೆ, ಎದೆ, ಕಾಲುಗಳಿಗೆ ತಂತಿ ಅಂಟಿಸಿ, ಮೂಗಿನ ಬಳಿ ಉಸಿರು ಅಳೆಯುವ ಕೊಳವೆ, ಬೆರಳಿಗೆ ಆಮ್ಲಜನಕದ ಕ್ಲಿಪ್ ಹಾಕಿ ಮಲಗಿಸುತ್ತಾರೆ. ಆಪ್ನಿಯಾದ ಅನುಮಾನ ಬಲವಾಗಿದ್ದು ಹೃದಯ, ಶ್ವಾಸಕೋಶದ ದೊಡ್ಡ ಕಾಯಿಲೆಗಳಿಲ್ಲದವರಿಗೆ ಮನೆಯಲ್ಲೇ ಮಾಡುವ ಚಿಕ್ಕ ಪರೀಕ್ಷೆಯೂ ಸಾಕಾಗುತ್ತದೆ. ಉಸಿರು ಕನಿಷ್ಠ 10 ಸೆಕೆಂಡು ನಿಂತದ್ದು ಅಥವಾ ಗಣನೀಯವಾಗಿ ತಗ್ಗಿದ್ದು ಗಂಟೆಗೆ ಸರಾಸರಿ ಎಷ್ಟು ಸಲ ಎಂದು ಎಣಿಸುತ್ತಾರೆ. 5ಕ್ಕಿಂತ ಕಡಿಮೆಯಿದ್ದರೆ ಬರಿಯ ಗೊರಕೆ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಮೂವತ್ತು ಎಂದರೆ ಎರಡು ನಿಮಿಷಕ್ಕೊಮ್ಮೆ ಉಸಿರಿಗೆ ತಡೆ. ನಿಮ್ಮ ವರದಿಯಲ್ಲಿ ಈ ಒಂದು ಸಂಖ್ಯೆಯನ್ನು ಮೊದಲು ಹುಡುಕಿ. ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ.

ಪರೀಕ್ಷೆಯಿಲ್ಲದೆ ಅಂಗುಳಕ್ಕೆ ಕತ್ತರಿ ಹಾಕಿದಾಗ ಆಗುವ ನಿಜವಾದ ಅನಾಹುತವೇ ಬೇರೆ. ಸದ್ದು ಮಾಡುವ ಭಾಗ ಹೋಯಿತು, ಮನೆಯಲ್ಲಿ ಎಲ್ಲರಿಗೂ ನೆಮ್ಮದಿ. ಕೆಳಗೆ ನಾಲಿಗೆಯ ಬುಡದಲ್ಲಿ ದಾರಿ ಮುಚ್ಚುವುದು ಮಾತ್ರ ಹಾಗೆಯೇ ಮುಂದುವರಿಯುತ್ತದೆ. ಉಸಿರು ಕಟ್ಟುತ್ತಿದೆ ಎಂದು ಸೂಚನೆ ಕೊಡುತ್ತಿದ್ದದ್ದು ಆ ಸದ್ದು ಒಂದೇ, ಅದನ್ನೇ ನಾವು ತೆಗೆದುಹಾಕಿರುತ್ತೇವೆ. ಮೌನವಾದ ಆಪ್ನಿಯಾ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯಬಹುದು.

ಎಷ್ಟು ಎಂಬುದು ಗೊತ್ತಾದ ಮೇಲೆ ಎಲ್ಲಿ ಎಂಬ ಪ್ರಶ್ನೆ. ಹೊರರೋಗಿ ವಿಭಾಗದಲ್ಲಿ ಮೂಗಿನ ಮೂಲಕ ಸಣ್ಣ ಎಂಡೋಸ್ಕೋಪ್ ಇಳಿಸಿ ನೋಡುವುದು ಮೊದಲ ಹೆಜ್ಜೆ. ಆದರೆ ಆಗ ನೀವು ಎಚ್ಚರವಿರುತ್ತೀರಿ, ಗಂಟಲು ಬಿಗಿಯಾಗಿರುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ಯೋಚನೆಯಿರುವವರಿಗೆ ಆಪರೇಷನ್ ಥಿಯೇಟರಿನಲ್ಲಿ ನಿದ್ರೆಯ ಔಷಧಿಯನ್ನು ಹನಿಹನಿಯಾಗಿ ಕೊಟ್ಟು, ಗೊರಕೆ ಶುರುವಾದ ಮೇಲೆ ಎಂಡೋಸ್ಕೋಪಿ ಮಾಡುತ್ತೇವೆ. ಗಂಟಲಿನ ಶಸ್ತ್ರಚಿಕಿತ್ಸೆಯ ಬಗ್ಗೆ ನನಗೆ ಅತಿ ಹೆಚ್ಚು ಕಲಿಸಿದ್ದು ಈ ಪರೀಕ್ಷೆಯ ಪರದೆ. ಮೊದಲು ಮೆದು ಅಂಗುಳ ಗಂಟಲಿನ ಹಿಂಗೋಡೆಗೆ ಬಡಿದು ಬಡಿದು ಅದುರುತ್ತದೆ, ಥಿಯೇಟರಿನ ತುಂಬ ಸದ್ದು. ಔಷಧಿ ಇನ್ನಷ್ಟು ಹತ್ತಿದಾಗ ಪಕ್ಕದ ಗೋಡೆಗಳು ನಡುವಿಗೆ ಬಂದು ಕೂಡಿಕೊಳ್ಳುತ್ತವೆ, ಅಥವಾ ನಾಲಿಗೆಯ ಬುಡ ಹಿಂದಕ್ಕೆ ಕುಸಿದು ಎಪಿಗ್ಲಾಟಿಸ್ ಅನ್ನು ಅದುಮುತ್ತದೆ. ಸದ್ದು ಫಕ್ಕನೆ ನಿಲ್ಲುತ್ತದೆ. ಹೊಟ್ಟೆ ಮಾತ್ರ ಏಳುತ್ತ ಬೀಳುತ್ತ ಇರುತ್ತದೆ. ಮಾನಿಟರಿನಲ್ಲಿ ಆಮ್ಲಜನಕದ ಅಂಕಿ 96ರಿಂದ 93ಕ್ಕೆ, ಅಲ್ಲಿಂದ 89ಕ್ಕೆ ಇಳಿಯುವುದನ್ನು ಎಲ್ಲರೂ ನೋಡುತ್ತಿರುತ್ತೇವೆ. ಆಗ ಅರಿವಳಿಕೆ ತಜ್ಞರು ಕೆಳದವಡೆಯನ್ನು ಎರಡು ಕೈಯಿಂದ ತುಸು ಮುಂದಕ್ಕೆ ಎತ್ತುತ್ತಾರೆ. ಕೆಲವರಲ್ಲಿ ಅಷ್ಟಕ್ಕೇ ಇಡೀ ದಾರಿ ತೆರೆದುಕೊಂಡು ಸದ್ದೂ ಇಲ್ಲ, ತಡೆಯೂ ಇಲ್ಲ. ಅಂಥವರಿಗೆ ಕತ್ತರಿಯೇ ಬೇಡ, ದವಡೆಯನ್ನು ಮುಂದಕ್ಕೆ ಹಿಡಿದಿಡುವ ಹಲ್ಲಿನ ಸಾಧನ ಕೆಲಸ ಮಾಡುವ ಸಾಧ್ಯತೆ ಹೆಚ್ಚು. ಇನ್ನು ಕೆಲವರಲ್ಲಿ ದವಡೆ ಎತ್ತಿದರೂ ಅಂಗುಳದ ಮಟ್ಟದಲ್ಲಿ ಏನೂ ಬದಲಾಗುವುದಿಲ್ಲ. ಅದೂ ಒಂದು ಉತ್ತರವೇ.

ಈಗ ನಿಮಗೆ ಸೂಚಿಸಲಾದ ಚಿಕಿತ್ಸೆಗಳಿಗೆ ಬರುತ್ತೇನೆ.

ಮೂಗಿನ ನಡುಗೋಡೆ ವಾಲಿರುವುದು ವಯಸ್ಕರಲ್ಲಿ ಎಷ್ಟು ಸಾಮಾನ್ಯವೆಂದರೆ, ಹುಡುಕಿದರೆ ಬಹಳ ಜನರಲ್ಲಿ ಸಿಗುತ್ತದೆ. ಮೂಗು ಕಟ್ಟಿದ್ದರೆ ಬಾಯಿ ತೆರೆದು ಮಲಗುತ್ತೀರಿ, ಗೊರಕೆ ಹೆಚ್ಚುತ್ತದೆ, ಬೆಳಿಗ್ಗೆ ಬಾಯಿ ಒಣಗಿರುತ್ತದೆ, ನಿಜ. ಆದರೆ ಅದುರುವ ಜಾಗ ಮೂಗಲ್ಲ. ನಡುಗೋಡೆಯನ್ನು ನೇರ ಮಾಡಿದರೆ ಉಸಿರಾಟ ಹಗುರವಾಗುತ್ತದೆ, ನಿದ್ರೆ ಸುಧಾರಿಸಿದೆ ಎಂದು ರೋಗಿಗಳು ಹೇಳುತ್ತಾರೆ. ಅದರಿಂದಲೇ ಗೊರಕೆ ಪೂರ್ತಿ ನಿಲ್ಲುವುದು ಅಪರೂಪ, ಆಪ್ನಿಯಾದ ಸಂಖ್ಯೆಯಂತೂ ಹೆಚ್ಚು ಕದಲುವುದಿಲ್ಲ. ಹಗಲಿನಲ್ಲಿ ನಿಮಗೆ ಮೂಗು ಕಟ್ಟಿದ ತೊಂದರೆಯೇ ಇಲ್ಲದಿದ್ದರೆ ಗೊರಕೆಗಾಗಿ ಆ ಶಸ್ತ್ರಚಿಕಿತ್ಸೆ ಬೇಡ. ಒಂದು ಸಂದರ್ಭದಲ್ಲಿ ಮಾತ್ರ ನಾನೇ ಮುಂದಾಗಿ ಸಲಹೆ ಮಾಡುತ್ತೇನೆ, ಅದನ್ನು ಆಮೇಲೆ ಹೇಳುತ್ತೇನೆ.

ಲೇಸರ್. ಅಂಗುಳದ ಅಂಚನ್ನೂ ಕಿರುನಾಲಿಗೆಯನ್ನೂ ಲೇಸರ್‌ನಿಂದ ಸುಟ್ಟು ಮೊಟಕುಗೊಳಿಸುವ ವಿಧಾನವನ್ನು ಫ್ರಾನ್ಸಿನ ವೈದ್ಯರೊಬ್ಬರು 1990ರಲ್ಲಿ ವರದಿ ಮಾಡಿದರು. ಕುರ್ಚಿಯಲ್ಲಿ ಕೂರಿಸಿ, ಸ್ಥಳೀಯ ಅರಿವಳಿಕೆಯಲ್ಲಿ ಮುಗಿಸಬಹುದೆಂಬ ಕಾರಣಕ್ಕೆ ಅದು ಬೇಗನೆ ಹರಡಿತು. ಆಮೇಲೆ ತಿಳಿದದ್ದು ಅಷ್ಟು ಹಿತವಾಗಿಲ್ಲ. ಮೊದಲ ತಿಂಗಳುಗಳಲ್ಲಿ ಕಂಡ ಲಾಭ ಬಹಳಷ್ಟು ಜನರಲ್ಲಿ ಸವೆದುಹೋಗುತ್ತದೆ. ಸುಟ್ಟ ಜಾಗ ಮಾಯುವಾಗ ಕಲೆಗಟ್ಟಿ ಸೆಟೆದುಕೊಂಡು ಕೆಲವರಲ್ಲಿ ದಾರಿಯನ್ನು ಮೊದಲಿಗಿಂತ ಕಿರಿದು ಮಾಡುತ್ತದೆ. ಆಪ್ನಿಯಾಕ್ಕೆ ಚಿಕಿತ್ಸೆಯಾಗಿ ಇದನ್ನು ಸಾಮಾನ್ಯವಾಗಿ ಶಿಫಾರಸು ಮಾಡುವುದಿಲ್ಲವೆಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ ಹೇಳಿದೆ. ಕತ್ತರಿಸದೆ ಅಂಗುಳಕ್ಕೆ ಬಿಸಿ ಮಾತ್ರ ಕೊಟ್ಟು ಬಿಗಿಗೊಳಿಸುವ ಹೊಸ ಬಗೆಯ ಲೇಸರ್ ಕೂಡ ಈಗ ಬಂದಿದೆ. ಅದರಲ್ಲಿ ನೋವು ಕಡಿಮೆ, ದೀರ್ಘಕಾಲದ ಪುರಾವೆಯೂ ಕಡಿಮೆ, ಮತ್ತೆ ಮತ್ತೆ ಮಾಡಿಸಬೇಕಾಗುತ್ತದೆ. ಜಾಹೀರಾತಿನಲ್ಲಿ ನೀವು ಓದಿದ್ದು ಯಾವುದೇ ಇರಲಿ, ‘ಶಾಶ್ವತ’ ಎಂಬ ಮಾತನ್ನು ಗೊರಕೆಯ ಯಾವ ಚಿಕಿತ್ಸೆಯ ಮುಂದೆಯೂ ನಾನು ಬರೆಯುವುದಿಲ್ಲ.

ಬರಿಯ ಗೊರಕೆಯಿದ್ದು, ಅಂಗುಳ ಮಾತ್ರ ಅದುರುವವರಿಗೆ ಇದಕ್ಕಿಂತ ನಾನು ರೇಡಿಯೋ ಫ್ರೀಕ್ವೆನ್ಸಿಯನ್ನು ಒಪ್ಪುತ್ತೇನೆ. ಸೂಜಿಯಂಥ ತುದಿಯನ್ನು ಅಂಗುಳದ ಸ್ನಾಯುವಿನೊಳಗೆ ಚುಚ್ಚಿ ಬಿಸಿ ಕೊಡುತ್ತಾರೆ. ಮೇಲಿನ ಪೊರೆ ಸುಡುವುದಿಲ್ಲ, ಒಳಗೆ ಸಣ್ಣ ಕಲೆ ಬಿದ್ದು ಅಂಗುಳ ಗಡುಸಾಗುತ್ತದೆ. ನೋವು ಸಹಿಸುವಂಥದ್ದು, ಮರುದಿನ ಕೆಲಸಕ್ಕೆ ಹೋಗುವವರೂ ಇದ್ದಾರೆ. ಸಾಮಾನ್ಯವಾಗಿ ಎರಡು ಮೂರು ಸಲ ಮಾಡಬೇಕು, ಒಂದೆರಡು ವರ್ಷದಲ್ಲಿ ಗೊರಕೆ ಭಾಗಶಃ ಮರಳಬಹುದು. ಗೊರಕೆಯ ಸದ್ದು ತಗ್ಗುತ್ತದೆ, ಹಲವರಲ್ಲಿ ಸೊನ್ನೆಯಾಗುವುದಿಲ್ಲ. ಅಂಗುಳದೊಳಗೆ ಮೂರು ಸಣ್ಣ ಪಾಲಿಯೆಸ್ಟರ್ ಕಡ್ಡಿಗಳನ್ನು ಹೂಳುವ ಪಿಲ್ಲರ್ ವಿಧಾನವೂ ಒಂದಿದೆ. ಕಡ್ಡಿ ಹೊರಗೆ ಇಣುಕಿದರೆ ತೆಗೆಸಬೇಕಾಗುತ್ತದೆ. ಕಲೆಗಟ್ಟಿಸುವ ಔಷಧಿಯನ್ನು ಚುಚ್ಚುವುದು ಮತ್ತೊಂದು. ಇವೆಲ್ಲ ಅಂಗುಳದ ಅದುರುವಿಕೆಗಷ್ಟೇ ಮದ್ದು, ನಿಮ್ಮ ವಿವರ ನೋಡಿದರೆ ನಿಮಗೆ ಹೊಂದುವುದು ಅನುಮಾನ.

ನಿಮ್ಮ ಸಹೋದ್ಯೋಗಿ ಮಾಡಿಸಿಕೊಂಡದ್ದು ಬಹುಶಃ ಯುಪಿಪಿಪಿ ಎಂಬ ಶಸ್ತ್ರಚಿಕಿತ್ಸೆ, ಅಥವಾ ಅದರ ಕಿರಿಯ ರೂಪ. ಟಾನ್ಸಿಲ್ ತೆಗೆದು, ಕಿರುನಾಲಿಗೆಯನ್ನೂ ಅಂಗುಳದ ಹಿಂಬದಿಯ ಅಂಚನ್ನೂ ಕತ್ತರಿಸಿ ಹೊಲಿಯುವುದು. 1981ರಲ್ಲಿ ಫುಜಿತಾ ಮತ್ತು ಸಂಗಡಿಗರು ಇದನ್ನು ಆಪ್ನಿಯಾದ ಚಿಕಿತ್ಸೆಯಾಗಿ ಪ್ರಕಟಿಸಿದರು. ಅದೇ ವರ್ಷ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಸಿಪ್ಯಾಪ್ ಯಂತ್ರವನ್ನೂ, ಅಂದರೆ ನೀವು ಮುಖಕ್ಕೆ ಕಟ್ಟಿಕೊಳ್ಳಲಾರೆ ಎಂದ ಯಂತ್ರವನ್ನು, ಪ್ರಕಟಿಸಿದರು. ಎರಡೂ ಓರಗೆಯವು, ಆದರೆ ಅವುಗಳ ಬದುಕು ಬೇರೆ ಬೇರೆ ದಿಕ್ಕು ಹಿಡಿಯಿತು. ಆಯ್ಕೆಯಿಲ್ಲದೆ ಎಲ್ಲರಿಗೂ ಯುಪಿಪಿಪಿ ಮಾಡಿದ ಕಾಲದ ಫಲಿತಾಂಶಗಳನ್ನು 1996ರಲ್ಲಿ ಒಟ್ಟುಹಾಕಿ ನೋಡಿದಾಗ ಯಶಸ್ಸು ಸುಮಾರು ಶೇ. 40 ಮಾತ್ರ. ಅದೂ ‘ಯಶಸ್ಸು’ ಎಂದರೆ ಪೂರ್ತಿ ಗುಣವೆಂದಲ್ಲ, ಆಪ್ನಿಯಾದ ಸಂಖ್ಯೆ ಅರ್ಧಕ್ಕಿಳಿದು 20ರ ಒಳಗೆ ಬಂದರೆ ಶಸ್ತ್ರವೈದ್ಯರ ಲೆಕ್ಕದಲ್ಲಿ ಅದು ಗೆಲುವು. ಯಾವ ಆಪರೇಷನ್‌ನ ಅಂಕಿ ಕೇಳಿದರೂ ಗೆಲುವಿನ ಅಳತೆಗೋಲು ಯಾವುದೆಂದು ಕೂಡ ಕೇಳಿ.

ಹಾಗೆಂದು ಈ ಶಸ್ತ್ರಚಿಕಿತ್ಸೆಯನ್ನು ತಳ್ಳಿಹಾಕುವಂತಿಲ್ಲ, ಯಾರಿಗೆ ಮಾಡುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. 2002ರಲ್ಲಿ ಫ್ರೀಡ್‌ಮನ್ ಮತ್ತು ತಂಡ ರೋಗಿಗಳನ್ನು ಟಾನ್ಸಿಲ್‌ನ ಗಾತ್ರ, ಬಾಯಿ ತೆರೆದಾಗ ನಾಲಿಗೆ ಕೂರುವ ಮಟ್ಟ, ದೇಹದ ತೂಕ ಇವುಗಳ ಪ್ರಕಾರ ಗುಂಪು ಮಾಡಿ ನೋಡಿದರು. ದೊಡ್ಡ ಟಾನ್ಸಿಲ್, ಕೆಳಗೆ ಕೂತ ನಾಲಿಗೆ ಇದ್ದವರಲ್ಲಿ ಯಶಸ್ಸು ಶೇ. 80ರ ಹತ್ತಿರ. ಸಣ್ಣ ಟಾನ್ಸಿಲ್, ಉಬ್ಬಿ ಮೇಲೆ ಕೂತ ನಾಲಿಗೆ ಇದ್ದವರಲ್ಲಿ ಶೇ. 10ನ್ನೂ ಮುಟ್ಟಲಿಲ್ಲ. ಅದೇ ಕತ್ತರಿ, ಅದೇ ಹೊಲಿಗೆ. ಕನ್ನಡಿಯ ಮುಂದೆ ಬಾಯಿ ಅಗಲಿಸಿ, ನಾಲಿಗೆಯನ್ನು ಹೊರಚಾಚದೆ ಸಹಜವಾಗಿ ಬಿಟ್ಟು ನೋಡಿಕೊಳ್ಳಿ. ಕಿರುನಾಲಿಗೆ, ಟಾನ್ಸಿಲ್ ಎರಡೂ ಪೂರ್ತಿ ಕಂಡರೆ ಒಂದು ಲೆಕ್ಕ, ನಾಲಿಗೆಯ ದಿಬ್ಬದ ಹಿಂದೆ ಗಟ್ಟಿ ಅಂಗುಳ ಮಾತ್ರ ಕಂಡರೆ ಬೇರೆಯೇ ಲೆಕ್ಕ.

ಈಗ ಅಂಗುಳವನ್ನು ಕತ್ತರಿಸಿ ಬಿಸಾಡುವ ಕಾಲ ಹೋಗುತ್ತಿದೆ. ಟಾನ್ಸಿಲ್ ತೆಗೆದ ಮೇಲೆ ಪಕ್ಕದ ಗೋಡೆಯ ಸ್ನಾಯುವನ್ನು ಬಿಡಿಸಿ ಮುಂದಕ್ಕೂ ಪಕ್ಕಕ್ಕೂ ಎಳೆದು ಹೊಲಿಯುವ ವಿಧಾನವನ್ನು ಪಾಂಗ್ ಮತ್ತು ವುಡ್‌ಸನ್ 2007ರಲ್ಲಿ ವಿವರಿಸಿದರು. ಮುಳ್ಳಿನಂಥ ಸಣ್ಣ ಕೊಕ್ಕೆಗಳಿರುವ ಹೊಲಿಗೆ ದಾರದಿಂದ ಅಂಗುಳವನ್ನು ಎತ್ತಿ ಕಟ್ಟುವ ವಿಧಾನ ಅನಂತರ ಬಂತು. ಇವುಗಳಲ್ಲಿ ಕಿರುನಾಲಿಗೆ ಬಹುಪಾಲು ಉಳಿಯುತ್ತದೆ, ಫಲಿತಾಂಶವೂ ಹಳೆಯದಕ್ಕಿಂತ ಮೇಲು. ಶಸ್ತ್ರಚಿಕಿತ್ಸೆಯೇ ಆಗಬೇಕೆಂದಾದರೆ ನಿಮ್ಮ ವೈದ್ಯರು ಇವುಗಳಲ್ಲಿ ಯಾವುದನ್ನು ಮಾಡುತ್ತಾರೆ ಎಂದು ಕೇಳಿ.

ನೋವಿನ ವಿಷಯವನ್ನು ಮುಚ್ಚಿಡುವುದಿಲ್ಲ. ವಯಸ್ಕರಿಗೆ ಟಾನ್ಸಿಲ್ ಮತ್ತು ಅಂಗುಳದ ಶಸ್ತ್ರಚಿಕಿತ್ಸೆ ಎರಡು ವಾರದ ಶಿಕ್ಷೆ. ಉಗುಳು ನುಂಗುವಾಗಲೂ ನೋವು ಕಿವಿಗೆ ಹೊಡೆಯುತ್ತದೆ. ಮೂರು ನಾಲ್ಕು ದಿನದಲ್ಲಿ ಕಡಿಮೆಯಾಯಿತು ಎನ್ನುವಷ್ಟರಲ್ಲಿ, ಗಾಯದ ಮೇಲಿನ ಬಿಳಿ ಪೊರೆ ಕಳಚುವ ಹೊತ್ತಿಗೆ ಮತ್ತೆ ಏರುತ್ತದೆ. ಐದರಿಂದ ಹತ್ತನೆಯ ದಿನದ ಒಳಗೆ ಕೆಲವರಿಗೆ ರಕ್ತಸ್ರಾವವಾಗುತ್ತದೆ. ಬಾಯಲ್ಲಿ ಹೊಸ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಕೆಲವರಿಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಅನಿಸುವುದು, ಒಣಗುವುದು, ರುಚಿ ಬದಲಾಗುವುದು ತಿಂಗಳುಗಟ್ಟಲೆ ಉಳಿಯಬಹುದು. ನೀರು ಕುಡಿದಾಗ ಮೂಗಿಗೆ ಬರುವುದು ಮೊದಲ ದಿನಗಳಲ್ಲಿ ಸಾಮಾನ್ಯ, ಅದು ಕಾಯಂ ಆಗಿ ಉಳಿಯುವುದು ಅಪರೂಪ.

ನಿಮ್ಮ ಧ್ವನಿಯ ಭಯಕ್ಕೆ ಸಂಬಂಧಿಸಿದ್ದೂ ಇದೇ. ಧ್ವನಿ ಹುಟ್ಟುವ ತಂತುಗಳು ಅಂಗುಳಕ್ಕಿಂತ ಬಹಳ ಕೆಳಗೆ ಧ್ವನಿಪೆಟ್ಟಿಗೆಯಲ್ಲಿವೆ, ಈ ಶಸ್ತ್ರಚಿಕಿತ್ಸೆ ಅಲ್ಲಿಗೆ ಹೋಗುವುದಿಲ್ಲ. ಅರಿವಳಿಕೆಯ ಕೊಳವೆಯಿಂದ ಧ್ವನಿ ಒರಟಾದರೆ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಅಂಗುಳಕ್ಕೆ ಬೇರೊಂದು ಕೆಲಸವಿದೆ. ನಾವು ಪ, ಬ, ಸ ಮೊದಲಾದ ಅಕ್ಷರಗಳನ್ನು ಆಡುವಾಗ ಅದು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಅತಿಯಾಗಿ ಕತ್ತರಿಸಿದರೆ ಗಾಳಿ ಮೂಗಿಗೆ ಸೋರಿ ಮಾತು ಮೂಗಿನಿಂದ ಆಡಿದಂತಾಗುತ್ತದೆ. ಸ್ನಾಯುವನ್ನು ಉಳಿಸಿಕೊಳ್ಳುವ ಹೊಸ ವಿಧಾನಗಳಲ್ಲಿ ಇದರ ಸಂಭವ ಕಡಿಮೆ. ನಿಮ್ಮ ಉದ್ಯೋಗ ಏನೆಂಬುದನ್ನು ಶಸ್ತ್ರವೈದ್ಯರಿಗೆ ಮೊದಲ ಭೇಟಿಯಲ್ಲೇ ಹೇಳಿ, ಎರಡು ಮೂರು ವಾರ ಪಾಠದಿಂದ ಬಿಡುವು ಬೇಕಾಗುತ್ತದೆ ಎಂದೂ ಲೆಕ್ಕ ಹಾಕಿಕೊಳ್ಳಿ.

ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ಬರಿಯ ಗೊರಕೆಗೆ ಯಾರೂ ಮಾಡುವುದಿಲ್ಲ, ಮಾಡಲೂಬಾರದು. ಅವು ಮಧ್ಯಮ ಅಥವಾ ತೀವ್ರ ಆಪ್ನಿಯಾ ಇದ್ದು ಯಂತ್ರ ಒಗ್ಗದವರಿಗೆ. ನಾಲಿಗೆಯ ಬುಡವನ್ನು ಕೆತ್ತಿ ತೆಗೆಯುವುದರಲ್ಲಿ ರಕ್ತಸ್ರಾವ ಮತ್ತು ನುಂಗುವ ತೊಂದರೆಯ ಅಪಾಯವಿದೆ. ಮೇಲಿನ, ಕೆಳಗಿನ ಎರಡೂ ದವಡೆಗಳನ್ನು ಕತ್ತರಿಸಿ ಸುಮಾರು ಒಂದು ಸೆಂಟಿಮೀಟರ್ ಮುಂದಕ್ಕೆ ಕೂರಿಸುವ ಶಸ್ತ್ರಚಿಕಿತ್ಸೆ ಇವೆಲ್ಲವುಗಳಲ್ಲಿ ಅತ್ಯಂತ ಪರಿಣಾಮಕಾರಿ, ನೂರರಲ್ಲಿ 85ರ ಆಸುಪಾಸಿನವರಿಗೆ ಫಲ ಕೊಡುತ್ತದೆ. ಮುಖದ ಚಹರೆ ಬದಲಾಗುತ್ತದೆ, ಕೆಳತುಟಿ ಮತ್ತು ಗದ್ದ ಜೋಮು ಹಿಡಿದಂತಿರುವುದು ಕೆಲವರಲ್ಲಿ ಉಳಿದೇ ಬಿಡುತ್ತದೆ. ಇನ್ನೊಂದು, ಎದೆಯ ಚರ್ಮದ ಕೆಳಗೆ ಸಾಧನವೊಂದನ್ನು ಇರಿಸಿ ನಾಲಿಗೆಯ ನರವನ್ನು ಪ್ರತಿ ಉಸಿರಿಗೂ ಪ್ರಚೋದಿಸುವುದು. 2014ರಲ್ಲಿ 126 ಮಂದಿಯ ಅಧ್ಯಯನದಲ್ಲಿ ಆಪ್ನಿಯಾದ ಮಧ್ಯಾಂಕ ಗಂಟೆಗೆ 29ರಿಂದ ಒಂದು ವರ್ಷದಲ್ಲಿ 9ಕ್ಕೆ ಇಳಿಯಿತು. ಅದೇ ವರ್ಷ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇದು ಎಲ್ಲ ಕಡೆಯೂ ಸಿಗುವುದಿಲ್ಲ, ಬಹಳ ದುಬಾರಿ. ಅಂಗುಳದ ಮಟ್ಟದಲ್ಲಿ ದಾರಿ ಸುತ್ತಲಿಂದಲೂ ಮುಚ್ಚುವವರಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ.

ಇನ್ನು ನೀವು ‘ನನ್ನಿಂದಾಗದ ಮಾತು’ ಎಂದ ಯಂತ್ರ. ಹೀಗೆನ್ನುವವರಲ್ಲಿ ಹೆಚ್ಚಿನವರು ಅದನ್ನು ಒಂದು ರಾತ್ರಿಯೂ ಹಾಕಿಕೊಂಡಿರುವುದಿಲ್ಲ, ಚಿತ್ರ ನೋಡಿ ಹೆದರಿರುತ್ತಾರೆ. ಸಿಪ್ಯಾಪ್ ಮಾಡುವುದಿಷ್ಟೆ, ಗಾಳಿಯ ಒತ್ತಡದಿಂದ ಗಂಟಲಿನ ಗೋಡೆಗಳನ್ನು ಒಳಗಿನಿಂದ ದೂರ ತಳ್ಳಿ ಹಿಡಿಯುವುದು. ಅಂಗುಳವೋ ನಾಲಿಗೆಯೋ ಎಂಬ ಗೊಡವೆ ಅದಕ್ಕಿಲ್ಲ. ಹಾಕಿಕೊಂಡ ರಾತ್ರಿಯೇ ಗೊರಕೆಯೂ ಆಪ್ನಿಯಾವೂ ನಿಲ್ಲುತ್ತವೆ. ಬಿಟ್ಟ ರಾತ್ರಿ ಎರಡೂ ಮರಳುತ್ತವೆ, ಅದರ ಮಿತಿಯೂ ಅಲ್ಲೇ. ಬಿಟ್ಟುಬಿಡುವವರು ಬಹಳ. ಕಾರಣ ಹೆಚ್ಚಾಗಿ ಅಳತೆಗೆ ಕೂರದ ಮಾಸ್ಕ್, ಒಣಗಾಳಿ, ಕಟ್ಟಿದ ಮೂಗು. ಮೊದಲೆರಡಕ್ಕೆ ಮಾಸ್ಕ್ ಬದಲಾವಣೆ ಮತ್ತು ತೇವ ಕೊಡುವ ತೊಟ್ಟಿ ಪರಿಹಾರ. ಮೂರನೆಯದಕ್ಕೆ ಮೂಗಿನ ನಡುಗೋಡೆಯ ಶಸ್ತ್ರಚಿಕಿತ್ಸೆ. ನಾನಾಗಿ ಸಲಹೆ ಮಾಡುತ್ತೇನೆ ಎಂದಿದ್ದು ಈ ಸಂದರ್ಭದಲ್ಲಿ. ಅದರಿಂದ ಯಂತ್ರಕ್ಕೆ ಬೇಕಾದ ಒತ್ತಡ ತಗ್ಗುತ್ತದೆ, ಹಾಕಿಕೊಳ್ಳುವುದು ಹಿತವಾಗುತ್ತದೆ.

ಪರೀಕ್ಷೆಯಲ್ಲಿ ಬರಿಯ ಗೊರಕೆ ಅಥವಾ ಸೌಮ್ಯ ಆಪ್ನಿಯಾ ಎಂದು ಬಂದರೆ ದಂತವೈದ್ಯರು ಅಳತೆ ತೆಗೆದು ಮಾಡಿಕೊಡುವ, ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನವನ್ನು ಮೊದಲು ಪ್ರಯತ್ನಿಸಿ. ದವಡೆಯ ಕೀಲು ನೋಯಬಹುದು, ವರ್ಷಗಳಲ್ಲಿ ಹಲ್ಲುಗಳ ಕೂಡಿಕೆ ತುಸು ಬದಲಾಗಬಹುದು. ಬೇಡವೆನಿಸಿದರೆ ತೆಗೆದಿಡಬಹುದು, ಕತ್ತರಿಸಿದ ಅಂಗುಳವನ್ನು ಹಾಗೆ ಮರಳಿ ಅಂಟಿಸಲಾಗದು. ಅಂಗಾತ ಮಲಗಿದಾಗ ಮಾತ್ರ ಗೊರೆಯುತ್ತೀರಾ ಎಂದು ಮನೆಯವರನ್ನು ಕೇಳಿ. ಹೌದಾದರೆ ಮಗ್ಗುಲಾಗಿ ಮಲಗುವ ಅಭ್ಯಾಸವೇ ಅರ್ಧ ಚಿಕಿತ್ಸೆ. ಮದ್ಯ, ನಿದ್ರೆಮಾತ್ರೆ ಎರಡೂ ಗಂಟಲಿನ ಸ್ನಾಯುವನ್ನು ಇನ್ನಷ್ಟು ಸಡಿಲಿಸುತ್ತವೆ. ನಾಲಿಗೆ, ಅಂಗುಳಗಳ ವ್ಯಾಯಾಮವನ್ನು ತಿಂಗಳುಗಟ್ಟಲೆ ತಪ್ಪದೆ ಮಾಡಿದವರಲ್ಲಿ ಗೊರಕೆ ತಗ್ಗಿದ್ದನ್ನು ಬ್ರೆಜಿಲ್‌ನ ಅಧ್ಯಯನಗಳು ತೋರಿಸಿವೆ. ತಪ್ಪದೆ ಮಾಡುವವರನ್ನು ಹುಡುಕುವುದೇ ಕಷ್ಟ.

ತೂಕದ ಮಾತನ್ನು ಎತ್ತಿದರೆ ರೋಗಿಗಳ ಮುಖ ಬಾಡುತ್ತದೆ, ಗೊತ್ತು. ಆದರೂ ನಿಮ್ಮ ಎತ್ತರಕ್ಕೆ ತೂಕದ ಸೂಚ್ಯಂಕ 30ರ ಮೇಲಿದೆ. ಕೊಬ್ಬು ಹೊಟ್ಟೆಯಲ್ಲಷ್ಟೇ ಅಲ್ಲ, ನಾಲಿಗೆಯಲ್ಲೂ ಗಂಟಲಿನ ಗೋಡೆಗಳಲ್ಲೂ ಕೂರುತ್ತದೆ. ವಿಸ್ಕಾನ್ಸಿನ್‌ನಲ್ಲಿ ನೂರಾರು ಜನರನ್ನು ನಾಲ್ಕು ವರ್ಷ ಹಿಂಬಾಲಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕದಂತೆ, ತೂಕ ಶೇ. 10 ಇಳಿದರೆ ಆಪ್ನಿಯಾ ಸುಮಾರು ಶೇ. 26 ಇಳಿಯುತ್ತದೆ. ಶೇ. 10 ಏರಿದರೆ ಅದಕ್ಕಿಂತ ಹೆಚ್ಚು ಏರುತ್ತದೆ. ನಿಮಗೆ ಅದು ಒಂಬತ್ತು ಕಿಲೋ. ಸಹೋದ್ಯೋಗಿಯ ಗೊರಕೆ ಮರಳಿದ್ದಕ್ಕೂ ಇಲ್ಲಿ ಕಾರಣ ಹುಡುಕಬಹುದು. ಆಪರೇಷನ್ ಆದ ಮೇಲೆ ಅವರ ತೂಕ ಏರಿತೇ ಎಂದು ಕೇಳಿ ನೋಡಿ.

ಹಾಗಾದರೆ ನೀವು ಮಾಡಬೇಕಾದದ್ದೇನು? ಈ ತಿಂಗಳೇ ಸ್ಲೀಪ್ ಸ್ಟಡಿ. ಅಲ್ಲಿಯವರೆಗೆ ತೂಕಡಿಕೆ ಇರುವಾಗ ದೂರ ವಾಹನ ಓಡಿಸಬೇಡಿ. ಸಂಖ್ಯೆ 15 ದಾಟಿದ್ದರೆ ಮೊದಲು ಯಂತ್ರಕ್ಕೆ ಪ್ರಾಮಾಣಿಕವಾಗಿ ಎರಡು ಮೂರು ತಿಂಗಳು ಕೊಡಿ. ರಕ್ತದೊತ್ತಡದ ವೈದ್ಯರಿಗೂ ತಿಳಿಸಿ, ಮಾತ್ರೆಯ ಪ್ರಮಾಣವನ್ನು ಅವರು ಮರುಪರಿಶೀಲಿಸಬೇಕಾಗಬಹುದು. ಒಗ್ಗದಿದ್ದರೆ ನಿದ್ರೆಯ ಔಷಧಿ ಕೊಟ್ಟು ಮಾಡುವ ಎಂಡೋಸ್ಕೋಪಿ, ಅದರಲ್ಲಿ ಕಂಡ ಜಾಗಕ್ಕೆ ತಕ್ಕ ಶಸ್ತ್ರಚಿಕಿತ್ಸೆ. ಟಾನ್ಸಿಲ್ ದೊಡ್ಡದಿದ್ದು ಅಲ್ಲೇ ದಾರಿ ಮುಚ್ಚುತ್ತಿದ್ದರೆ ಮಾತ್ರ ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ತರಲು ನಾನು ಒಪ್ಪುತ್ತೇನೆ. ಯಾವ ಕಾರಣಕ್ಕೆ ಅರಿವಳಿಕೆ ಪಡೆಯುವುದಿದ್ದರೂ, ಅದು ಹರ್ನಿಯಾಕ್ಕೇ ಇರಲಿ, ಆಪ್ನಿಯಾದ ವಿಷಯವನ್ನು ಅರಿವಳಿಕೆ ತಜ್ಞರಿಗೆ ಮೊದಲೇ ಹೇಳಿ. ಆಪರೇಷನ್ ಬಳಿಕ ಕೊಡುವ ಬಲವಾದ ನೋವು ನಿವಾರಕಗಳು ಉಸಿರಾಟವನ್ನು ಕುಗ್ಗಿಸುತ್ತವೆ, ಆ ರಾತ್ರಿ ನಿಮ್ಮ ಆಮ್ಲಜನಕದ ಮೇಲೆ ಕಣ್ಣಿಟ್ಟಿರಬೇಕು. ಗಂಟಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರಾದರೆ ಮೂರು ತಿಂಗಳ ಮೇಲೆ, ಗೊರಕೆ ಪೂರ್ತಿ ನಿಂತಿದ್ದರೂ, ಸ್ಲೀಪ್ ಸ್ಟಡಿಯನ್ನು ಇನ್ನೊಮ್ಮೆ ಮಾಡಿಸಿ.